ಕಳಚಿಟ್ಟ ಕೇಬಲ್ಲು

"ಮೂಸಿ ನೋಡು," ಎಂದೆ.

ಗೇಜಾ ತಕಾಚ್ ನನ್ನನ್ನು ಒಮ್ಮೆ ಗುರಾಯಿಸಿ ಬಾನೆಟ್ಟಿನೊಳಗೆ ಬಾಗಿದ. ಗೇರ್‌ಬಾಕ್ಸಿನ ಎಣ್ಣೆ ನೋಡುವ ಕಡ್ಡಿಯನ್ನು ಎಳೆದು ಮೂಗಿನ ಹತ್ತಿರ ತಂದವನು ತಟ್ಟನೆ ಮುಖ ತಿರುಗಿಸಿದ. ಕೆಂಪಗಿರಬೇಕಾದ ಎಣ್ಣೆ ಕರಿಕಾಫಿಯ ಬಣ್ಣಕ್ಕೆ ತಿರುಗಿತ್ತು. ಸೀದ ವಾಸನೆ ನಾನು ನಿಂತಲ್ಲಿಗೂ ಬಂತು.

"ಸತ್ತೋಗಿದೆ," ಎಂದ. "ಒಳಗಿನ ಕ್ಲಚ್ಚೆಲ್ಲ ಸುಟ್ಟು ಬೂದಿ. ಯಾವ ಅಯೋಗ್ಯ ಮಾಡ್ದ ಇದನ್ನ?"

"ಅದನ್ನೇ ನಿನ್ನ ಕೇಳೋಣ ಅಂತ ಕರ್ಕೊಂಡು ಬಂದೆ."

ಕ್ಲೀಟಸ್ ನೀಮೆಯರ್ ಸೆಪ್ಟೆಂಬರಿನ ಒಂದು ಬೆಳಗಿನ ಜಾವ ತನ್ನ ಎಪ್ಪತ್ತನೇ ಇಸವಿಯ ಹಸಿರು ಷೆವೆಲ್ ಕಾರು ಹತ್ತಿ, ಹೆಂಡತಿಯನ್ನು ಬಿಟ್ಟು ಹೊರಟುಹೋದ ಎಂದು ಊರೆಲ್ಲ ನಂಬಿತ್ತು. ಈಗ ಅಕ್ಟೋಬರ್ ಮುಗಿಯುತ್ತ ಬಂದಿತ್ತು. ಪೊಲೀಸರು ಒಹಾಯೊದಿಂದ ಅಕ್ಕಪಕ್ಕದ ರಾಜ್ಯಗಳಿಗೆಲ್ಲ ಕಾರಿನ ನಂಬರು ಕಳಿಸಿ ಸುಮ್ಮನಾಗಿದ್ದರು. ಆ ಕಾರು ನೋಡಿದರೆ ಅವನ ಮನೆಯಿಂದ ನಾಲ್ಕು ಮೈಲಿಯೂ ದೂರವಿಲ್ಲದ ಹಳೆಯ ಟೊಮೆಟೊ ಸಾಸಿನ ಕಾರ್ಖಾನೆಯೊಳಗೆ ತಣ್ಣಗೆ ನಿಂತಿತ್ತು. ಕಾರ್ಖಾನೆ ಬಾಗಿಲು ಮುಚ್ಚಿ ಎಷ್ಟೋ ವರ್ಷವಾಗಿತ್ತು. ಪಾರಿವಾಳ ಹೊಡೆಯಲು ನುಗ್ಗಿದ್ದವನೊಬ್ಬ ಬಾರಿನಲ್ಲಿ ಬಾಯಿಬಿಟ್ಟದ್ದು ನನ್ನ ಕಿವಿಗೆ ಬಿದ್ದಿತ್ತು.

ಬೆಳಿಗ್ಗೆ ಒಬ್ಬನೇ ಬಂದು ಮೊದಲು ಡಿಕ್ಕಿ ತೆಗೆದಿದ್ದೆ. ಹೆಣ ಇರಬಹುದೆಂಬ ಭಯವಿತ್ತು, ಸುಳ್ಳು ಯಾಕೆ ಹೇಳಲಿ. ಒಳಗೆ ಸ್ಟೆಪ್ನಿ ಬಿಟ್ಟರೆ ಏನೂ ಇರಲಿಲ್ಲ.

ಷೆರಿಫನಿಗೆ ಫೋನು ಮಾಡುವ ಮೊದಲು ಗೇಜಾನಿಗೆ ಮಾಡಿದೆ. ಅದು ಸರಿಯಾದ ಕ್ರಮವಲ್ಲ. ಆದರೆ ನನ್ನ ಅನುಮಾನವೆಲ್ಲ ಈ ಹಂಗೇರಿಯನ್ ಮುದುಕನ ಮೇಲೇ ಇತ್ತು. ಕ್ಲೀಟಸ್ ಕಾಣೆಯಾಗುವ ಹಿಂದಿನ ವಾರ ಇವರಿಬ್ಬರೂ ಗೇಜಾನ ಗ್ಯಾರೇಜಿನಲ್ಲಿ ಬೀದಿಗೆಲ್ಲ ಕೇಳುವ ಹಾಗೆ ಕಿರುಚಾಡಿದ್ದರು. ಕ್ಲೀಟಸ್ ಊರು ಬಿಟ್ಟದ್ದನ್ನು ಕಣ್ಣಾರೆ ಕಂಡವನೂ ಇವನೊಬ್ಬನೇ. ಜೊತೆಗೆ, ನನ್ನ ಹತ್ತಿರ ಒಂದು ಸುಳ್ಳನ್ನೂ ಹೇಳಿದ್ದ.

"ಹಳೇ ಗೇರ್‌ಬಾಕ್ಸನ್ನೇ ರಿಪೇರಿ ಮಾಡಿ ಕೂರಿಸ್ದೆ ಅಂದಿದ್ದೆ ನೀನು," ಎಂದೆ. "ನಾನು ಕೆಳಗೆ ತೂರಿ ನೋಡ್ದೆ. ಗೇರ್‌ಬಾಕ್ಸ್ ಹೊರೋ ಅಡ್ಡಪಟ್ಟಿ ಹಿಂದಕ್ಕೆ ಸರಿದಿದೆ. ಹೊಸ ತೂತು ಕೊರೆದಿದ್ದೀಯ. ಇದು ಹಳೇದಲ್ಲ."

ಗೇಜಾ ಕಡ್ಡಿಯನ್ನು ತನ್ನ ಪ್ಯಾಂಟಿಗೆ ಒರೆಸಿದ. "ಅಲ್ಲ."

"ಮತ್ತೆ ಸುಳ್ಳು ಯಾಕೆ ಹೇಳಿದೆ?"

"ನೀನು ಪ್ರತಿ ಭಾನುವಾರ ಆರ್ಲೀನ್ ಮನೇಲಿ ಉಣ್ಣೋನು. ನಿನ್ನ ಬಾಯಲ್ಲಿ ಮಾತು ನಿಲ್ಲುತ್ತಾ?"

ಅವನು ಅಂದದ್ದು ನನ್ನನ್ನು ಚುಚ್ಚಿತು. ನಿಜವೇ ಆಗಿತ್ತು. ಕ್ಲೀಟಸನ ಹೆಂಡತಿ ಆರ್ಲೀನ್ ನನ್ನ ಪತ್ತೇದಾರಿ ಆಫೀಸಿಗೆ ಬಂದ ದಿನ ಕೇಳಿದ್ದು ಒಂದೇ ಪ್ರಶ್ನೆ. "ಅವರು ನನ್ನ ಬಿಟ್ಟು ಹೋದ್ರಾ? ಅಷ್ಟು ಹೇಳಿ ಸಾಕು. ಎಲ್ಲಿದ್ದಾರೆ ಅಂತ ಬೇಡ, ವಾಪಸ್ ಕರೆತರೋದೂ ಬೇಡ." ಉತ್ತರ ಹುಡುಕುವ ನೆಪದಲ್ಲಿ ಒಂದು ಭಾನುವಾರ ಅವರ ಮನೆಗೆ ಹೋದೆ. ಹಿಸುಕಿದ ಆಲೂಗಡ್ಡೆಯ ಮೇಲೆ ಕೋಳಿಯ ನೂಡಲ್ಸ್ ಸುರಿದು ತಟ್ಟೆ ಮುಂದಿಟ್ಟರು. ಆಮೇಲೆ ಪ್ರತಿ ಭಾನುವಾರ ಹೋದೆ. ಹೆಂಡತಿ ಬಿಟ್ಟುಹೋದ ಮೇಲೆ ರೇಡಿಯೋ ಎದುರು ಡಬ್ಬಿಯ ಸೂಪು ಕುಡಿದುಕೊಂಡಿದ್ದ ನನಗೆ, ಎದುರಿಗೊಬ್ಬರು ಕೂತು ಉಪ್ಪು ಸಾಕಾ ಎಂದು ಕೇಳುವುದೇ ದೊಡ್ಡ ಸಂಗತಿಯಾಗಿತ್ತು. ಆಕೆ ಪಾಪ, ಗಂಡ ಕೂರುತ್ತಿದ್ದ ಕುರ್ಚಿ ಖಾಲಿ ಕಾಣಬಾರದೆಂದು ನನ್ನನ್ನು ಕೂರಿಸಿಕೊಳ್ಳುತ್ತಿದ್ದರು.

"ಆರ್ಲೀನ್‌ಗೆ ಗೊತ್ತಾಗಬಾರದಾಗಿತ್ತಾ?"

"ಗೊತ್ತಾಗಬಾರದು ಅಂತ ಕ್ಲೀಟ್ ನನ್ನ ಹತ್ರ ಆಣೆ ಹಾಕಿಸ್ಕೊಂಡಿದ್ದ."

"ಮೊದಲಿಂದ ಹೇಳು."

ಗೇಜಾ ಮುಂದಿನ ಚಕ್ರದ ಮೇಲಿನ ತಗಡಿಗೆ ಕೈಯೂರಿ ನಿಂತ. ಒಡೆದ ಗಾಜಿನಿಂದ ಮಧ್ಯಾಹ್ನದ ಬಿಸಿಲು ನೆಲದ ಮೇಲೆ ಬಿದ್ದಿತ್ತು. ಮೇಲೆ ಪಾರಿವಾಳಗಳು ಗುಟುರು ಹಾಕುತ್ತಿದ್ದವು.

"ಹಳೇ ಆಟೋಮ್ಯಾಟಿಕ್ ಗೇರ್ ಪೆಟ್ಟಿಗೆ ಬೇಸಿಗೇಲಿ ಜಾರೋಕೆ ಶುರುವಾಯ್ತು. ನಾನು ಮೂರು ಪೆಟ್ಟಿಗೆ ಇಟ್ಟೆ ಅವನ ಮುಂದೆ. ಒಂದು, ಕಾರಿನ ಜೊತೆ ಹುಟ್ಟಿದ್ದೇ, ಮೂರು ಗೇರಿಂದು. ಅದರ ಮೈಮೇಲಿನ ನಂಬರಿಗೂ ಕಾರಿನ ನಂಬರಿಗೂ ತಾಳೆ ಆಗುತ್ತೆ. ಬಿಚ್ಚಿ ಒಳಗಿಂದೆಲ್ಲ ಹೊಸದು ಹಾಕಿದ್ರೆ ನಾವು ಸತ್ತ ಮೇಲೂ ಓಡುತ್ತೆ. ಎರಡನೇದು ದೊಡ್ಡದು, ರೇಸಿನವರು ಹಾಕ್ಕೊಳ್ಳೋದು. ಅದೂ ಮೂರೇ ಗೇರು, ಆದ್ರೆ ಆನೆ ಕಟ್ಟಿ ಎಳೆಸಿದ್ರೂ ಮುರಿಯಲ್ಲ. ಮೂರನೇದು ನಾಲ್ಕು ಗೇರಿಂದು."

"ನೀನು ಯಾವುದು ಅಂದೆ?"

"ಹುಟ್ಟಿದ್ದನ್ನ ಬಿಸಾಕಬೇಡ ಕಣೋ ಅಂದೆ. ಬುದ್ಧಿ ಇದ್ದೋರು ಯಾರಾದ್ರೂ ಅದನ್ನೇ ಹೇಳ್ತಾರೆ. ಅವನು ಸೀದಾ ಹೋಗಿ ಮೂರನೇದ್ರ ಮೇಲೆ ಕೈ ಇಟ್ಟ. ಅದ್ರಲ್ಲೂ ಎರಡು ಥರ ಬರುತ್ತೆ. ಉದ್ದಂದು ಹಾಕಿದ್ರೆ ಹಿಂದಿನ ಚಕ್ರಕ್ಕೆ ಹೋಗೋ ಶಾಫ್ಟು ಕತ್ತರಿಸಬೇಕು. ಇದು ಹಳೇದರಷ್ಟೇ ಉದ್ದ, ಅಡ್ಡಪಟ್ಟಿ ಸರಿಸಿದ್ರೆ ಆಯ್ತು. ಇದೇ ಸಾಕು ಅಂದ. ಮುಂದೆ ಯಾರಿಗಾದ್ರೂ ಹಳೇ ಪೆಟ್ಟಿಗೆ ವಾಪಸ್ ಹಾಕ್ಬೇಕು ಅನ್ಸಿದ್ರೆ ಹಾಕ್ಕೊಳ್ಳಲಿ, ಕಾರಿಗೆ ಗಾಯ ಮಾಡ್ಬೇಡ ಅಂದ."

"ಅಷ್ಟಕ್ಕೆ ಬೀದಿಗೆ ಕೇಳೋ ಹಾಗೆ ಜಗಳ ಆಡಿದ್ರಾ?"

"ಬೇರೆಯವರು ಆಸ್ತಿಗೆ ಜಗಳ ಆಡ್ತಾರೆ, ನಾವು ಇದಕ್ಕೆ ಆಡ್ತೀವಿ. ನಿನಗೇನು ಕಷ್ಟ?"

ನನಗೆ ಕಷ್ಟವಿದ್ದದ್ದು ಬೇರೆ ಕಡೆ. ನಾಲ್ಕನೇ ಗೇರು ಹೆದ್ದಾರಿಯಲ್ಲಿ ದಿನಗಟ್ಟಲೆ ಓಡಿಸುವವನಿಗೆ ಬೇಕು. ಅದು ಬಿದ್ದರೆ ಎಂಜಿನ್ನಿನ ಅಬ್ಬರ ಅರ್ಧಕ್ಕರ್ಧ ಇಳಿಯುತ್ತದೆ. ಕ್ಲೀಟಸ್ ಈ ಕಾರನ್ನು ಶುಕ್ರವಾರ ಸಂಜೆ ಐಸ್‌ಕ್ರೀಮ್ ಅಂಗಡಿಯ ಮುಂದೆ ನಿಲ್ಲಿಸಿ, ಪಕ್ಕದಲ್ಲಿ ಮಡಚುವ ಕುರ್ಚಿ ಹಾಕಿಕೊಂಡು ಕೂತು, ಬಂದವರಿಗೆಲ್ಲ ಎಂಜಿನ್ ತೋರಿಸಿ ಮನೆಗೆ ಮರಳುತ್ತಿದ್ದವನು. ಅಷ್ಟಕ್ಕೆ ಹುಟ್ಟಿದ ಪೆಟ್ಟಿಗೆಯನ್ನು ಯಾರೂ ಕಳಚುವುದಿಲ್ಲ.

"ಅವನು ದೂರ ಹೋಗೋನಿದ್ದ," ಎಂದೆ. "ನಿನಗೆ ಗೊತ್ತಿತ್ತು. ನೀನು ತಡೆಯೋಕೆ ನೋಡ್ದೆ. ಇಲ್ಲಿ ನೋಡು."

ಕಾರ್ಬುರೇಟರಿನ ಪಕ್ಕ ಬೆರಳು ತೋರಿಸಿದೆ. ಅಲ್ಲಿಂದ ಗೇರ್‌ಬಾಕ್ಸಿಗೆ ಇಳಿಯುವ ಸಣ್ಣ ಕೇಬಲ್ಲಿನ ತುದಿಯನ್ನು ಯಾರೋ ಕಳಚಿದ್ದರು. ತುಂಡಾಗಿರಲಿಲ್ಲ, ಕಿತ್ತುಬಂದಿರಲಿಲ್ಲ. ಕಳಚಿ, ಅಲ್ಲಾಡದ ಹಾಗೆ ಹೀಟರಿನ ರಬ್ಬರ್ ಪೈಪಿನ ಹಿಂದೆ ಜೋಪಾನವಾಗಿ ಸಿಕ್ಕಿಸಿದ್ದರು.

ಗೇಜಾ ಅದನ್ನು ನೋಡಿದ. ಅವನ ಮುಖ ನಿಧಾನವಾಗಿ ಕೆಂಪೇರಿತು.

"ನಾನು ಕಳಚಿದೆ ಅಂತೀಯ?"

"ಇದು ಕಳಚಿದ್ರೆ ಏನಾಗುತ್ತೆ ಅಂತ ಊರಲ್ಲಿ ನಿನಗಿಂತ ಚೆನ್ನಾಗಿ ಗೊತ್ತಿರೋನು ಯಾರಿದ್ದಾನೆ?"

"ಲೋ, ನಾನು ಕೈಯಾರೆ ಕಟ್ಟಿದ ಪೆಟ್ಟಿಗೆ ಇದು! ಕ್ಲೀಟನ್ನ ಬೇಕಾದ್ರೆ ಸುತ್ತಿಗೆ ತಗೊಂಡು ಬಾರಿಸ್ತೀನಿ, ಇದನ್ನ ಸುಡ್ತೀನಾ?"

ಆಡಿದ ಮೇಲೆ ಅವನಿಗೇ ಕಸಿವಿಸಿಯಾಯಿತು. ಟೋಪಿ ತೆಗೆದು ತಲೆ ಕೆರೆದುಕೊಂಡ.

"ಬಾಯಿಗೆ ಬಂದದ್ದು ಅಂದ್ಬಿಟ್ಟೆ," ಎಂದ ಸಣ್ಣ ದನಿಯಲ್ಲಿ. "ನನ್ನ ಹೆಂಡತಿ ಇಲೋನಾ ಸತ್ತ ಮೇಲೆ ದಿನಾ ಬಂದು ನನ್ನ ಜೊತೆ ಜಗಳ ಆಡೋಕೆ ಅಂತ ಇದ್ದವನು ಅವನೊಬ್ಬನೇ, ವೆಂಡೆಲ್. ಈಗ ಗ್ಯಾರೇಜ್ ಬಾಗಿಲು ತೆಗೀತೀನಿ, ಸಾಯಂಕಾಲ ಹಾಕ್ತೀನಿ. ಮಧ್ಯದಲ್ಲಿ ಯಾರೂ ನನ್ನ ಮುಟ್ಠಾಳ ಅನ್ನಲ್ಲ."

ಅವನ ದುಃಖ ನಾಟಕವಲ್ಲ ಅಂತ ನನಗೆ ಅನ್ನಿಸಿತು. ಆದರೂ ಬಿಡಲಿಲ್ಲ.

"ಆ ಬೆಳಿಗ್ಗೆ ಅವನನ್ನ ನೋಡ್ದೆ ಅಂತ ಪೊಲೀಸರಿಗೆ ಹೇಳಿದ್ದೀಯ."

"ನೋಡ್ದೆ. ಗ್ಯಾರೇಜ್ ಮುಂದೆ ಗುಡಿಸ್ತಿದ್ದೆ. ಕಾರು ಬಂತು, ಕೈ ಎತ್ತಿದೆ, ಅವನೂ ಎತ್ತಿದ."

"ಮುಖ ನೋಡಿದ್ಯಾ?"

ಗೇಜಾ ಕೈಯಲ್ಲಿದ್ದ ತನ್ನ ಟೋಪಿಯನ್ನು ತಿರುಗಿಸಿ ನೋಡಿದ.

"ಟೋಪಿ ಕಾಣಿಸ್ತು," ಎಂದ. "ಅವನ ಫ್ಯಾಕ್ಟರಿ ಯೂನಿಯನ್ನಿನ ನೀಲಿ ಟೋಪಿ. ಮುಖ ಯಾರು ನೋಡ್ತಾರೆ? ಷೆವೆಲ್ ಬರ್ತಿದ್ರೆ ಷೆವೆಲ್ ನೋಡ್ತೀವಿ."

ಮೂವತ್ತು ವರ್ಷದ ಗೆಳೆಯ ಎದುರಿಗೆ ಹೋಗುವಾಗ ಇವನು ನೋಡಿದ್ದು ಕಾರನ್ನು. ನಾನಿದ್ದರೂ ಅದನ್ನೇ ಮಾಡುತ್ತಿದ್ದೆ. ನಮ್ಮ ಕಡೆ ಗಂಡಸರು ಒಬ್ಬರನ್ನೊಬ್ಬರು ನೋಡುವುದೇ ಹಾಗೆ.

"ಕಾರು ಹೇಗೆ ಓಡ್ತಿತ್ತು?"

"ಅದೇ ಆವತ್ತು ವಿಚಿತ್ರ ಅನ್ಸಿದ್ದು. ಎಂಜಿನ್ನು ಕೂಗ್ತಿತ್ತು, ಕಾರು ಮಾತ್ರ ಮುಂದಕ್ಕೆ ಹೋಗ್ತಿರಲಿಲ್ಲ. ಕೇಬಲ್ಲು ಸರಿಯಾಗಿ ಕೂರಿಸಿಲ್ಲ ಮುಂಡೇದು, ವಾಪಸ್ ಬಂದ್ರೆ ಬೈಬೇಕು ಅಂದ್ಕೊಂಡೆ." ಅವನು ಕೇಬಲ್ಲಿನ ತುದಿಯನ್ನು ಪೈಪಿನ ಹಿಂದಿನಿಂದ ಬಿಡಿಸಿ ಬೆರಳಲ್ಲಿ ಹಿಡಿದ. "ಹಳೇ ಪೆಟ್ಟಿಗೇಲಿ ಇದಕ್ಕೆ ಒಂದೇ ಕೆಲಸ. ಆಕ್ಸಿಲರೇಟರ್ ಪೂರ್ತಿ ತುಳಿದ್ರೆ ಒಂದು ಗೇರು ಇಳಿಸಿ ಗಾಡೀನ ಮುಂದಕ್ಕೆ ಎಗರಿಸೋದು. ಕಳಚಿದ್ರೂ ಏನೂ ಆಗಲ್ಲ, ಗಾಡಿ ಸಾಧು ಆಗುತ್ತೆ ಅಷ್ಟೆ. ನಾಲ್ಕು ಗೇರಿಂದ್ರಲ್ಲಿ ಹಾಗಲ್ಲ. ಒಳಗಿನ ಎಣ್ಣೆ ಒತ್ತಡ ಎಲ್ಲ ಇದರ ಕೈಲಿದೆ. ಇದು ಇಲ್ಲ ಅಂದ್ರೆ ಕ್ಲಚ್ಚು ಹಿಡಿಯಲ್ಲ. ಜಾರ್ತಾ ಜಾರ್ತಾ ಮೂರು ನಾಲ್ಕು ಮೈಲೀಲಿ ಸುಟ್ಟುಹೋಗುತ್ತೆ."

"ಅಂದ್ರೆ ಇದನ್ನ ಕಳಚಿದವನಿಗೆ..."

"ಒಳಗಿರೋದು ಹೊಸ ಪೆಟ್ಟಿಗೆ ಅಂತ ಗೊತ್ತಿರಲಿಲ್ಲ," ಎಂದು ಗೇಜಾ ನನ್ನ ಮಾತನ್ನು ಮುಗಿಸಿದ. "ಹಳೇದೇ ಇದೆ ಅಂದ್ಕೊಂಡು ಕಳಚಿದ್ದಾರೆ. ಗೊತ್ತಿದ್ದೋರು ಮುಟ್ಟಲ್ಲ. ನಾನು ಮುಟ್ಟಲ್ಲ, ಕ್ಲೀಟ್ ಮುಟ್ಟಲ್ಲ."

ಹಾಗಾದರೆ ಗೇಜಾ ಅಲ್ಲ. ಕ್ಲೀಟಸನೂ ಅಲ್ಲ. ವಾರಗಟ್ಟಲೆ ಹಿಡಿದು ಕೂತಿದ್ದ ನನ್ನ ಅನುಮಾನ ಒಂದು ಕೇಬಲ್ಲಿನ ಮುಂದೆ ಬಿದ್ದುಹೋಯಿತು. ಖುಷಿಯಾಗಬೇಕಿತ್ತು, ಆಗಲಿಲ್ಲ.

"ಆರ್ಲೀನ್‌ಗೆ ಯಾಕೆ ಗೊತ್ತಾಗಬಾರದಾಗಿತ್ತು ಗೇಜಾ?"

"ಅವಳಿಗೋಸ್ಕರ ಹಾಕಿಸಿದ್ದು ಅದು." ಅವನು ಮೂಗು ಉಜ್ಜಿಕೊಂಡ. "ಮದುವೆಯಾದ ಹೊಸದರಲ್ಲಿ ಇದೇ ಕಾರಲ್ಲಿ ನ್ಯೂ ಮೆಕ್ಸಿಕೋಗೆ ಅಂತ ಹೊರಟಿದ್ರು. ಇಂಡಿಯಾನಾ ದಾಟೋ ಹೊತ್ತಿಗೆ ಎಂಜಿನ್ ಸದ್ದಿಗೆ ಅವಳಿಗೆ ತಲೆ ಸಿಡಿದುಹೋಯ್ತು. ವಾಪಸ್ ಬಂದ್ರು. ಆಮೇಲೆ ಅವನಿಗೆ ಫ್ಯಾಕ್ಟರಿ, ಅವಳಿಗೆ ಅತ್ತೆ ಸೇವೆ. ಈಗ ಅವನು ರಿಟೈರ್ ಆದ. ಆ ಪ್ರಯಾಣ ಮುಗಿಸ್ಬೇಕು, ನಾಲ್ಕನೇ ಗೇರು ಇದ್ರೆ ದಾರಿಯುದ್ದಕ್ಕೂ ಅವಳು ಮಾತಾಡೋದು ನನಗೆ ಕೇಳುತ್ತೆ ಅಂದ. ಅವಳು ತಂಗಿ ಮನೆಗೆ ಹೋಗಿದ್ದಾಗ ಕೂರಿಸಿದ್ವಿ. ಹೆದ್ದಾರಿಗೆ ಹತ್ತೋವರೆಗೂ ಹೇಳಲ್ಲ, ನಾಲ್ಕನೇ ಗೇರು ಬಿದ್ದಾಗ ಅವಳ ಮುಖ ನೋಡ್ಬೇಕು ಅಂತಿದ್ದ."

ನನಗೆ ಅಂಥ ಪ್ರಯಾಣವನ್ನು ಯಾರೂ ಗುಟ್ಟಾಗಿ ಸಿದ್ಧ ಮಾಡಿದವರಿಲ್ಲ, ನಾನೂ ಯಾರಿಗೂ ಮಾಡಿದವನಲ್ಲ.

ಇನ್ನೊಂದು ಪ್ರಶ್ನೆ ಉಳಿದಿತ್ತು. ಕೇಳಲು ಮನಸ್ಸಿರಲಿಲ್ಲ, ಕೇಳದೆ ವಿಧಿಯಿರಲಿಲ್ಲ.

"ಹಳೇ ಪೆಟ್ಟಿಗೆ ಇದ್ದಾಗ ಈ ಕೇಬಲ್ಲು ಕಳಚ್ತಿದ್ದೋರು ಯಾರು?"

"ಜಿಲ್ಲೇಲಿ ಅರ್ಧ ಜನ ಕಳಚಿ ಓಡಿಸ್ತಾರೆ."

"ಈ ಕಾರಿಂದು ಕೇಳ್ತಿದ್ದೀನಿ."

"ಕ್ಲೀಟ್ ಯಾವತ್ತೂ ಇಲ್ಲ. ಅವನಿಗೆ ಗಾಡಿ ಎಗರೋದೇ ಮಜಾ." ಗೇಜಾ ಕೇಬಲ್ಲನ್ನು ಬೆರಳಲ್ಲಿ ತಿರುಗಿಸುತ್ತಿದ್ದವನು ನಿಲ್ಲಿಸಿದ. ಒಳಗೇನೋ ಹೊಳೆದು, ಹೊಳೆಯಬಾರದಾಗಿತ್ತು ಎನ್ನುವ ಹಾಗೆ ನನ್ನತ್ತ ನೋಡಿದ. "ಮನೇಲಿರೋ ಇನ್ನೊಂದು ಗಾಡಿ ಕೆಟ್ಟಾಗ ಅವಳು ಇದನ್ನೇ ತಗೊಂಡು ಅಂಗಡಿಗೆ ಹೋಗ್ತಿದ್ಲು. ಸ್ವಲ್ಪ ತುಳಿದ್ರೆ ಎಗರುತ್ತೆ, ಮೊಟ್ಟೆ ಒಡೆಯುತ್ತೆ ಅಂತ ಬೈತಿದ್ಲು. ಹೊರಡೋ ಮೊದಲು ತಾನೇ ಬಾನೆಟ್ ಎತ್ತಿ, ಕೇಬಲ್ಲು ಕಳಚಿ, ಲಟಲಟ ಅನ್ನಬಾರದು ಅಂತ ಪೈಪಿನ ಹಿಂದೆ ಸಿಕ್ಕಿಸ್ತಿದ್ಲು. ನಾವೆಲ್ಲ ತಮಾಷೆ ಮಾಡ್ತಿದ್ವಿ."

"ಆರ್ಲೀನ್."

"ನಾನು ಏನೂ ಹೇಳ್ಲಿಲ್ಲ," ಎಂದ ಗೇಜಾ. "ವೆಂಡೆಲ್, ನಾನು ಏನೂ ಹೇಳ್ಲಿಲ್ಲ."

ಅವನು ಕಾರಿನ ಬಾನೆಟ್ ಇಳಿಸಿ, ಮಲಗಿದವರಿಗೆ ಹೊದಿಸುವಷ್ಟು ಮೆಲ್ಲಗೆ ಮೂಲೆಯಲ್ಲಿ ಬಿದ್ದಿದ್ದ ಟಾರ್ಪಾಲನ್ನು ಅದರ ಮೇಲೆ ಎಳೆದ. ಇಬ್ಬರೂ ಹೊರಗೆ ಬಂದೆವು. ಅವನು ಬಲಕ್ಕೆ ಹೋದ, ನಾನು ಎಡಕ್ಕೆ.

ದಾರಿಯ ಎರಡೂ ಕಡೆ ಜೋಳ ಕೊಯ್ದು ಹೊಲಗಳು ಬೋಳಾಗಿದ್ದವು. ನಾಲ್ಕು ಮೈಲಿ ದಾರಿ ನನಗೆ ಸಾಲಲಿಲ್ಲ. ಇನ್ನೂ ದೂರವಿದ್ದಿದ್ದರೆ, ಆ ಮನೆಗೆ ಹೋಗದೇ ಇರಲು ಏನಾದರೊಂದು ಕಾರಣ ಹುಡುಕಿಕೊಳ್ಳುತ್ತಿದ್ದೆ. ಮೊದಲ ದಿನ ನನ್ನ ಆಫೀಸಿನಲ್ಲಿ ಆಕೆ ಅತ್ತದ್ದು ಸುಳ್ಳೇ? ಸುಳ್ಳಾಗಿದ್ದರೆ, ಭಾನುವಾರಗಳೂ ಸುಳ್ಳೇ? ನನಗೆ ಕ್ಲೀಟಸನಿಗಿಂತ ಹೆಚ್ಚಾಗಿ ನನ್ನ ಚಿಂತೆಯೇ ಹತ್ತಿತ್ತು, ಅದಕ್ಕೆ ನಾಚಿಕೆಯೂ ಆಯಿತು.

ಆರ್ಲೀನ್ ಹಿಂಬಾಗಿಲಲ್ಲೇ ಸಿಕ್ಕರು. ಏಪ್ರನ್ನಿಗೆ ಕೈ ಒರೆಸಿಕೊಳ್ಳುತ್ತ ನಕ್ಕರು.

"ಇವತ್ತು ಭಾನುವಾರ ಅಲ್ವಲ್ಲ ವೆಂಡೆಲ್. ಬನ್ನಿ ಬನ್ನಿ. ಎಲೆಕೋಸಿನ ಸೂಪಿದೆ, ಕುಡೀತೀರಾ?"

"ಕಾರು ಸಿಕ್ತು," ಎಂದೆ.

ನಗು ಹಾಗೇ ಉಳಿಯಿತು, ಅದರ ಹಿಂದಿನದೆಲ್ಲ ಹೋಯಿತು. ಆಕೆ ಅಡುಗೆಮನೆಯ ಮೇಜಿನ ಹತ್ತಿರ ಹೋಗಿ ಕುರ್ಚಿ ಎಳೆದುಕೊಂಡು ಕೂತರು. ಎಲ್ಲಿ ಸಿಕ್ಕಿತು ಎಂದು ಕೇಳಲಿಲ್ಲ.

"ಟೊಮೆಟೊ ಕಾರ್ಖಾನೇಲಿ," ಎಂದೆ. "ನೀವು ಬಿಟ್ಟ ಜಾಗದಲ್ಲೇ ಇದೆ."

"ನಾನು ಮದುವೆಗೆ ಮೊದಲು ಅಲ್ಲಿ ಹಣ್ಣು ಆರಿಸ್ತಿದ್ದೆ," ಎಂದರು ಆಕೆ, ಅದೊಂದೇ ಮಾತಾಡಬೇಕಾದ ವಿಷಯ ಎನ್ನುವ ಹಾಗೆ. "ಹಿಂದಿನ ಬಾಗಿಲು ಆಗಿಂದಲೂ ಸರಿಯಾಗಿ ಮುಚ್ಚಲ್ಲ."

"ಯಾಕೆ ತಗೊಂಡು ಹೋದ್ರಿ ಆರ್ಲೀನ್?"

"ಅವರು ಹೋಗ್ಬಾರ್ದು ಅಂತ." ಆಕೆ ಏಪ್ರನ್ನಿನ ಅಂಚು ಮಡಚಿದರು. "ಗ್ಯಾರೇಜಲ್ಲಿ ಟೈರಿನ ಹಿಂದೆ ಸೂಟ್‌ಕೇಸು ಬಚ್ಚಿಟ್ಟಿದ್ರು. ನಾನು ಬಂದ್ರೆ ಫೋನ್ ಇಟ್ಬಿಡೋರು. ಒಂದಿನ ಕೇಳಿಸ್ಕೊಂಡೆ, 'ಆರ್ಲೀನ್‌ಗೆ ಹೊರಟ ಮೇಲೆ ಗೊತ್ತಾದ್ರೆ ಸಾಕು' ಅಂತಿದ್ರು. ನನಗಿನ್ನೇನು ಅರ್ಥ ಆಗ್ಬೇಕು? ಅವತ್ತು ಅವರು ನಿದ್ದೆ ಮಾಡ್ತಿದ್ದಾಗ ಅವರ ಟೋಪಿ ಹಾಕ್ಕೊಂಡು, ಎಂದಿನ ಹಾಗೆ ಆ ಕೇಬಲ್ಲು ಕಳಚಿ, ಕಾರು ತೆಗೆದೆ. ಅದನ್ನ ಬಿಟ್ಟು ಅವರು ಎಲ್ಲಿಗೂ ಹೋಗೋರಲ್ಲ ಅಂತ. ದಾರೀಲಿ ಅದು ಸುಟ್ಟ ವಾಸನೆ ಬಂದು ನಿಲ್ತಾ ನಿಲ್ತಾ ಹೋಯ್ತು. ಹೇಗೋ ಕಾರ್ಖಾನೆ ಒಳಗೆ ತಳ್ಳಿ, ರೈಲು ಹಳಿ ಹಿಡಿದು ನಡ್ಕೊಂಡು ವಾಪಸ್ ಬಂದೆ."

ಹೇಳಬೇಕಾದದ್ದನ್ನು ನಿಂತುಕೊಂಡೇ ಹೇಳಿದೆ. ಕೂತರೆ ಹೇಳಲಾಗುತ್ತಿರಲಿಲ್ಲ.

"ಅವನು ಗೇರ್‌ಬಾಕ್ಸ್ ಬದಲಾಯಿಸಿದ್ದ. ನಾಲ್ಕು ಗೇರಿಂದು ಹಾಕಿಸಿದ್ದ, ದೂರದ ದಾರೀಲಿ ಸದ್ದು ಕಮ್ಮಿ ಆಗ್ಲಿ ಅಂತ. ನ್ಯೂ ಮೆಕ್ಸಿಕೋಗೆ ಆರ್ಲೀನ್. ನಿಮ್ಮನ್ನ ಕರ್ಕೊಂಡು. ಹೆದ್ದಾರಿಗೆ ಹತ್ತೋವರೆಗೂ ಹೇಳ್ಬಾರ್ದು ಅಂತ ಗೇಜಾ ಹತ್ರ ಆಣೆ ಹಾಕಿಸ್ಕೊಂಡಿದ್ದ."

"ನನ್ನನ್ನಾ?"

"ನಿಮ್ಮನ್ನೇ. ನೀವು ಮಾತಾಡೋದು ಕೇಳಿಸ್ಬೇಕು ಅಂದನಂತೆ."

ಆಕೆ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡರು. ಅಳುತ್ತಾರೆ ಅಂದುಕೊಂಡೆ. ಕೈ ತೆಗೆದಾಗ ಮುಖದಲ್ಲಿ ಇದ್ದದ್ದು ಸಂತೋಷ. ಅಷ್ಟು ಸಂತೋಷವನ್ನು ನಾನು ಯಾರ ಮುಖದಲ್ಲೂ ಅಷ್ಟು ಹತ್ತಿರದಿಂದ ನೋಡಿರಲಿಲ್ಲ.

"ಹಾಗಾದ್ರೆ ಅವರು ನನ್ನ ಬಿಟ್ಟು ಹೋಗ್ಲಿಲ್ಲ," ಎಂದರು.

"ಇಲ್ಲ."

"ಬಿಟ್ಟು ಹೋಗ್ಲಿಲ್ಲ," ಎಂದು ಇನ್ನೊಮ್ಮೆ ತಮಗೆ ತಾವೇ ಹೇಳಿಕೊಂಡರು. ಅದನ್ನು ಹೇಳುತ್ತಿರುವಾಗಲೇ ಮುಖದ ಬಣ್ಣ ಇಳಿಯತೊಡಗಿತು.

"ಆರ್ಲೀನ್, ನೀವು ಕಾರು ಬಿಟ್ಟು ವಾಪಸ್ ಬಂದಾಗ ಅವನು ಏನಂದ?"

"ಏನನ್ನೋದು? ಅವರು ಮನೇಲಿರಲಿಲ್ಲ. ಹಾಸಿಗೆ ಖಾಲಿ, ಮುಂಬಾಗಿಲು ತೆಗೆದಿತ್ತು. ಫೋನಲ್ಲಿ ಮಾತಾಡ್ತಿದ್ದ ಆ ಇನ್ನೊಬ್ಬಳು ಯಾರೋ ತನ್ನ ಕಾರು ತಂದು ಕರ್ಕೊಂಡು ಹೋದ್ಲು ಅಂದ್ಕೊಂಡೆ. ಇಷ್ಟು ಮಾಡಿದ್ರೂ ಹೋಗೇಬಿಟ್ರಲ್ಲ ಅಂತ ನಾಚಿಕೆಯಾಗಿ, ಕಾರಲ್ಲಿ ಹೋದ್ರು ಅಂತ ಎಲ್ಲರಿಗೂ ಹೇಳ್ದೆ."

ಆಕೆ ಎದ್ದರು. ಚಮಚಗಳ ಡ್ರಾಯರ್ ಎಳೆದು, ಹಿಂದಿನಿಂದ ಬಟ್ಟೆಯಲ್ಲಿ ಸುತ್ತಿದ್ದ ಏನನ್ನೋ ತೆಗೆದು ಮೇಜಿನ ಮೇಲೆ ಬಿಚ್ಚಿದರು. ಗಂಡಸಿನ ಕನ್ನಡಕ. ದಪ್ಪ ಗಾಜು, ಒಂದು ಕಡ್ಡಿಗೆ ಟೇಪು.

"ಹಾಸಿಗೆ ಪಕ್ಕ ನೆಲದ ಮೇಲೆ ಬಿದ್ದಿತ್ತು. ಪೊಲೀಸರು ನೋಡಿದ್ರೆ ಕಾರು ಓಡಿಸಿದ್ದು ಅವರಲ್ಲ ಅಂತ ತಿಳಿದುಬಿಡುತ್ತೆ ಅಂತ ಬಚ್ಚಿಟ್ಟೆ. ಇದಿಲ್ದೆ ಅವರಿಗೆ ಬಾಗಿಲಲ್ಲಿ ನಿಂತ್ರೆ ಗೇಟು ಕಾಣಲ್ಲ."

ಸೂಪು ಉಕ್ಕಿ ಒಲೆಯ ಮೇಲೆ ಚುಂಯ್‌ಗುಟ್ಟಿತು. ಇಬ್ಬರೂ ಅತ್ತ ತಿರುಗಲಿಲ್ಲ. ಆರ್ಲೀನ್ ಕನ್ನಡಕವನ್ನು ಎತ್ತಿ ನನ್ನ ಕೈಗೆ ಕೊಟ್ಟರು.

"ವೆಂಡೆಲ್," ಎಂದರು, "ಇದನ್ನ ಹಾಕ್ಕೊಳ್ಳೋಕೂ ಬಿಡದೆ ಅವರನ್ನ ಕರ್ಕೊಂಡು ಹೋದೋರು ಯಾರು?"